ನೇರವಾಗಿ ಕೇಳಿದರೆ ಸಿಗದ ಉತ್ತರ

ಮುಂಬಯಿಯ ಮಾಟುಂಗದ ಯಾವುದಾದರೂ ಸಭಾಂಗಣದಲ್ಲಿ ರಾಜ್ಯೋತ್ಸವದ ಸಂಜೆ ‘ಕನ್ನಡದ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಎಂಬ ಪ್ರಶ್ನಾವಳಿ ಹಂಚಿ ನೋಡಿ. ಹಾಳೆಹಾಳೆಯಲ್ಲೂ ಅಭಿಮಾನ ಉಕ್ಕಿ ಹರಿಯುತ್ತದೆ. ಹಾಳೆ ತುಂಬಿದವರ ಮಕ್ಕಳಲ್ಲಿ ಕನ್ನಡ ಓದಲು ಬರುವವರೆಷ್ಟು ಎಂಬುದು ಬೇರೆ ಲೆಕ್ಕ. ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 2001ರ ಜನಗಣತಿಯಲ್ಲಿ ಸುಮಾರು 12.5 ಲಕ್ಷ, 2011ರಲ್ಲಿ 10 ಲಕ್ಷದ ಆಸುಪಾಸು. ಈ ಇಳಿಕೆಯ ಸುಳಿವು ಅಭಿಮಾನದ ಹಾಳೆಗಳಲ್ಲಿ ಸಿಗುವುದಿಲ್ಲ.

ಕೇಳಿದ್ದಕ್ಕೆ ಕೊಡುವ ಉತ್ತರಕ್ಕೂ ನಡವಳಿಕೆಗೂ ನಡುವಿನ ಈ ಕಂದಕವನ್ನು ಸಮಾಜವಿಜ್ಞಾನ ಕಂಡುಕೊಂಡದ್ದು ಹೋಟೆಲುಗಳಲ್ಲಿ. ಹೋಟೆಲು ಉದ್ಯಮವನ್ನೇ ಕಟ್ಟಿದ ಮುಂಬಯಿ ಕನ್ನಡಿಗರಿಗೆ ಇದು ರುಚಿಸಬಹುದು. ಚೀನೀಯರ ಬಗ್ಗೆ ಅಸಹನೆ ದಟ್ಟವಾಗಿದ್ದ ಅಮೆರಿಕದಲ್ಲಿ ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ ಚೀನೀ ದಂಪತಿಯೊಬ್ಬರನ್ನು ಜೊತೆಗೆ ಕರೆದುಕೊಂಡು ದೇಶ ಸುತ್ತಿದರು. 250ಕ್ಕೂ ಹೆಚ್ಚು ವಸತಿಗೃಹ, ಊಟದ ಮನೆಗಳ ಪೈಕಿ ಅವರನ್ನು ಹೊರಗೆ ಕಳಿಸಿದ್ದು ಒಂದೇ. ಆಮೇಲೆ ಅದೇ ಮಾಲೀಕರಿಗೆ ‘ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ’ ಎಂದು ಪತ್ರ ಬರೆದು ಕೇಳಿದಾಗ, ಉತ್ತರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು. 1934ರಲ್ಲಿ ಪ್ರಕಟವಾದ ಈ ವರದಿ ಪ್ರಶ್ನಾವಳಿಗಳನ್ನು ನಂಬಿ ಕೂತವರ ನಿದ್ದೆ ಕೆಡಿಸಿತು. ಅಲ್ಲಿ ಮಾತು ಕಹಿ, ನಡತೆ ಸಿಹಿ. ಭಾಷೆಯ ವಿಷಯದಲ್ಲಿ ಆಗುವುದು ಸಾಮಾನ್ಯವಾಗಿ ಇದರ ತಿರುಗುಮುರುಗು: ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಭಾಷೆಯ ಬಗ್ಗೆ ಕೇಳದೆಯೇ ಭಾಷೆಯ ಬಗೆಗಿನ ಮನೋಭಾವ ತಿಳಿಯುವ ದಾರಿ ಹೊಳೆದದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಫ್ರೆಂಚ್, ಇಂಗ್ಲಿಷ್ ಎರಡನ್ನೂ ಸಲೀಸಾಗಿ ಆಡಬಲ್ಲವರಿಂದ ಒಂದೇ ಗದ್ಯಭಾಗವನ್ನು ಎರಡೂ ಭಾಷೆಗಳಲ್ಲಿ ಓದಿಸಿ ಟೇಪಿನಲ್ಲಿ ಮುದ್ರಿಸಿಕೊಂಡರು. ಒಬ್ಬರದೇ ಎರಡು ಧ್ವನಿಗಳು ಹತ್ತಿರ ಹತ್ತಿರ ಬಾರದಂತೆ ಬೆರೆಸಿ ಕೇಳಿಸಿದರು. ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ ಇಷ್ಟೇ: ಧ್ವನಿ ಕೇಳಿ ಆ ವ್ಯಕ್ತಿ ಎಷ್ಟು ಬುದ್ಧಿವಂತ, ಎಷ್ಟು ಎತ್ತರ, ಎಷ್ಟು ನಂಬಿಕಸ್ಥ, ಎಷ್ಟು ದಯಾಳು ಎಂದು ಅಂಕ ಹಾಕುವುದು. ಇಂಥ ಗುಣಗಳು 14. ಮಾತಾಡುವವರು ಬೇರೆ ಬೇರೆ ಮಂದಿ ಎಂದೇ ಕೇಳುಗರು ತಿಳಿದಿದ್ದರು. ಹಾಗಾಗಿ ಅಂಕಗಳಲ್ಲಿ ಬಂದ ಅಂತರಕ್ಕೆ ಭಾಷೆಯಲ್ಲದೆ ಬೇರೆ ಕಾರಣ ಹೇಳುವುದು ಕಷ್ಟ.

1960ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಇಂಗ್ಲಿಷ್ ಮಾತೃಭಾಷೆಯವರು ಇಂಗ್ಲಿಷ್ ಧ್ವನಿಗೆ ಹೆಚ್ಚು ಅಂಕ ಕೊಟ್ಟಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಫ್ರೆಂಚ್ ಮಾತೃಭಾಷೆಯವರೂ ಬುದ್ಧಿ, ನಾಯಕತ್ವ, ಆತ್ಮವಿಶ್ವಾಸ, ರೂಪ ಎಲ್ಲವನ್ನೂ ಇಂಗ್ಲಿಷ್ ಧ್ವನಿಗೇ ಒಪ್ಪಿಸಿದ್ದರು. ತಮ್ಮ ಭಾಷೆಗೆ ಅವರು ಉಳಿಸಿಕೊಂಡದ್ದು ದೈವಭಕ್ತಿ ಮತ್ತು ದಯೆ! ಕುರ್ಚಿ ಒಬ್ಬರಿಗೆ, ಕರುಳು ಇನ್ನೊಬ್ಬರಿಗೆ ಎಂಬ ಈ ಹಂಚಿಕೆ ಮುಂದೆ ಹಲವು ದೇಶಗಳ ಅಲ್ಪಸಂಖ್ಯಾತ ಭಾಷೆಗಳಲ್ಲಿ ಮರಳಿ ಮರಳಿ ಕಾಣಿಸಿತು. ಮಾಂಟ್ರಿಯಲ್ ಇರುವ ಕ್ಯುಬೆಕ್ ಪ್ರಾಂತ್ಯ 1977ರಲ್ಲಿ ಫ್ರೆಂಚ್ ಪರವಾದ ಬಿಗಿ ಕಾನೂನು ತಂದ ಮೇಲೂ ಇದೇ ಪ್ರಯೋಗವನ್ನು ಅಲ್ಲಿ ಮತ್ತೆ ಮಾಡಿ ನೋಡಿದವರಿದ್ದಾರೆ. ಕಾನೂನು ಮನಸ್ಸನ್ನೂ ಬದಲಿಸಿತೇ ಎಂಬ ಕುತೂಹಲ ಸಹಜವೇ.

ನಮ್ಮ ಕಡೆ ಇಂಥ ಕುತೂಹಲ ಬೇರೆ ಹಾದಿ ಹಿಡಿಯಿತು. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಜೈನರದು ಕನ್ನಡ, ಮುಸ್ಲಿಮರದು ಉರ್ದು, ಊರಿನ ವ್ಯವಹಾರಕ್ಕೆ ಮರಾಠಿ. ಶತಮಾನಗಳ ಒಡನಾಟದಲ್ಲಿ ಅಲ್ಲಿ ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಪದಕ್ಕೆ ಪದ ಇಟ್ಟರೆ ಒಂದು ಇನ್ನೊಂದಾಗುತ್ತಿತ್ತು. ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಇದನ್ನು ವಿವರಿಸಿದರು. ಇಷ್ಟಾದರೂ ಮನೆಯೊಳಗಿನ ಭಾಷೆಯನ್ನು ಯಾರೂ ಬಿಟ್ಟಿರಲಿಲ್ಲ. ಈ ಬಿಡದಿರುವಿಕೆಯೂ ಒಂದು ಮನೋಭಾವವೇ. ಅದನ್ನು ಅಂಕದಲ್ಲಿ ಅಳೆಯುವ ಗೋಜಿಗೆ ಅವರು ಹೋಗಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಅಳತೆ ಮಿಲಿಸೆಕೆಂಡಿಗೆ ಇಳಿಯಿತು. 1998ರಲ್ಲಿ ಮನೋವಿಜ್ಞಾನಿ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯಲ್ಲಿ ಅಭಿಪ್ರಾಯ ಕೇಳುವುದೇ ಇಲ್ಲ. ಅದನ್ನು ಭಾಷೆಗೆ ಒಗ್ಗಿಸಿದರೆ, ಕನ್ನಡ ಪದಕ್ಕೂ ಒಳ್ಳೆಯ ಅರ್ಥದ ಪದಕ್ಕೂ ಒಂದೇ ಗುಂಡಿ ಒತ್ತಬೇಕು; ಮುಂದಿನ ಸುತ್ತಿನಲ್ಲಿ ಕನ್ನಡವೂ ಕೆಟ್ಟ ಅರ್ಥದ ಪದವೂ ಜೋಡಿ. ಯಾವ ಜೋಡಿಗೆ ಬೆರಳು ಬೇಗ ಓಡುತ್ತದೆಯೋ ಮನಸ್ಸು ಅತ್ತ ಎಂಬುದು ತರ್ಕ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಒಬ್ಬರೇ ಬೇರೆ ಬೇರೆ ದಿನ ಕುಳಿತರೆ ಅಂಕ ಬದಲಾಗುತ್ತದೆ ಎಂಬ ಆಕ್ಷೇಪ ಹಳೆಯದು, ಅದಕ್ಕೆ ತೃಪ್ತಿಕರ ಉತ್ತರ ಇನ್ನೂ ಬಂದಿಲ್ಲ.

ಇತ್ತೀಚೆಗೆ ಈ ಸಲಕರಣೆಗಳೆಲ್ಲ ಒಂದೇ ಪೆಟ್ಟಿಗೆಗೆ ಬರುತ್ತಿವೆ. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದವರು ರೂಪಿಸಿದ ‘ಲಾರ್ಟ್ ರಿಸರ್ಚ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ಭಾಷಾ ಹಿನ್ನೆಲೆಯ ಪ್ರಶ್ನಾವಳಿ, ವಿರುದ್ಧ ವಿಶೇಷಣಗಳ ನಡುವೆ ಗುರುತು ಹಾಕುವ ಮನೋಭಾವದ ಅಳತೆ, ಲ್ಯಾಂಬರ್ಟ್ ಮಾದರಿಯ ಧ್ವನಿ ಪರೀಕ್ಷೆ ಮೂರೂ ಇವೆ. ವೆಲ್ಶ್, ಇಟಲಿಯ ಲೊಂಬಾರ್ಡ್‌ಗಳಂಥ ಭಾಷೆಗಳಿಗಾಗಿ ಹುಟ್ಟಿದ ಸಾಧನವಿದು. ಅಲ್ಲಿ ಚಿತ್ರ ಸ್ಪಷ್ಟ: ಒಂದು ದೊಡ್ಡ ಭಾಷೆ, ಪಕ್ಕದಲ್ಲಿ ಒಂದು ಸಣ್ಣದು.

ಮುಂಬಯಿಯ ಮನೆಯೊಂದು ಆ ಹಿನ್ನೆಲೆ ಪ್ರಶ್ನಾವಳಿಯನ್ನು ತುಂಬುವುದನ್ನು ಊಹಿಸಿಕೊಳ್ಳಿ. ಅಜ್ಜಿಯೊಂದಿಗೆ ತುಳು, ಅಪ್ಪನೊಂದಿಗೆ ತುಳು ಮತ್ತು ಸಿಟ್ಟು ಬಂದಾಗ ಹಿಂದಿ, ತಂಗಿಯೊಂದಿಗೆ ಇಂಗ್ಲಿಷ್, ಸೊಸೈಟಿಯ ಮೀಟಿಂಗಿನಲ್ಲಿ ಮರಾಠಿ. ಕನ್ನಡದ ಪಾಲಿಗೆ ಸಂಘದ ವಾರ್ಷಿಕೋತ್ಸವ, ಯಕ್ಷಗಾನ ಮತ್ತು ಮದುವೆಯ ಕರೆಯೋಲೆ. ಇಷ್ಟಿದ್ದೂ ‘ನೀವು ಯಾರು’ ಎಂದರೆ ‘ಕನ್ನಡಿಗರು’ ಎಂದೇ ಉತ್ತರ. ಇಲ್ಲಿ ಸಣ್ಣ ಭಾಷೆ ಯಾವುದು? ಮರಾಠಿಯ ಮುಂದೆ ಕನ್ನಡವೋ, ಕನ್ನಡದ ಮುಂದೆ ತುಳುವೋ? ಎರಡು ಭಾಷೆಗಳ ಅಚ್ಚಿನಲ್ಲಿ ಎರಕ ಹೊಯ್ದ ಸಾಧನ ಇಲ್ಲಿ ಮುಗ್ಗರಿಸುತ್ತದೆ.

ಧ್ವನಿ ಪರೀಕ್ಷೆಯ ಪಾಡು ಇನ್ನೂ ಕಷ್ಟ. ಕನ್ನಡ, ಮರಾಠಿ ಎರಡನ್ನೂ ಎಡವದೆ ಆಡುವವರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಯಾವ ಕನ್ನಡ ಮುದ್ರಿಸಿಕೊಳ್ಳುವುದು? ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ‘ಹಾಲು ತರಬೇಕ್ರಿ’ ಎಂದೊಡನೆ ಕೇಳುಗ ಊರು, ಉದ್ಯೋಗ, ಜಾತಿ ಮೂರನ್ನೂ ಊಹಿಸಿಬಿಡುತ್ತಾನೆ; ಆಮೇಲೆ ಅವನು ಹಾಕುವ ಅಂಕ ಕನ್ನಡಕ್ಕೆ ಸಲ್ಲುವುದಿಲ್ಲ. ತುಳು ಮನೆಮಾತಿನವರ ‘ಹಾಲು ತರಬೇಕು’ ಪಠ್ಯಪುಸ್ತಕದಿಂದ ಎದ್ದು ಬಂದಂತಿರುತ್ತದೆ. ಗದ್ಯ ಓದಿಸಿದರೆ ಎರಡೂ ಆಕಾಶವಾಣಿಯಾಗುತ್ತವೆ. ದಾದರ್ ನಿಲ್ದಾಣದಿಂದ ಮಾಟುಂಗಕ್ಕೆ ದಾರಿ ಹೇಳಿಸಿ ಮುದ್ರಿಸಿಕೊಳ್ಳುವುದು, ಪ್ರತಿ ಬಗೆಯ ಕನ್ನಡಕ್ಕೂ ಪ್ರತ್ಯೇಕ ಜೋಡಿ ಮಾಡುವುದು ಮೇಲು. ಕೆಲಸ ದುಪ್ಪಟ್ಟಾಗುತ್ತದೆ, ಬೇರೆ ದಾರಿ ಇಲ್ಲ.

ಕೇಳುಗರ ಆಯ್ಕೆಯೂ ಅಷ್ಟೇ ಮುಖ್ಯ. ಸಂಶೋಧಕರಿಗೆ ಸುಲಭವಾಗಿ ಸಿಗುವವರು ಕಾಲೇಜು ಹುಡುಗರು. ಆದರೆ ಮನೆಯ ಭಾಷೆ ತೀರ್ಮಾನವಾಗುವುದು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮಗುವಿಗೆ ಶಾಲೆ ಹುಡುಕುತ್ತಿರುವ ದಂಪತಿಯಿಂದ. ಅವರ ಮೊಬೈಲಿಗೆ ಪರೀಕ್ಷೆ ಕಳುಹಿಸಿದರೆ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ತೆರೆದು, ಧ್ವನಿ ಕೇಳಿಸದೆ, ಎಲ್ಲಕ್ಕೂ ನಡುವಿನ ಅಂಕ ಒತ್ತಿ ಮುಗಿಸುತ್ತಾರೆ. ಆದ್ದರಿಂದ ಮನೆಗೇ ಹೋಗಬೇಕು.

ಹೋದ ಮೇಲೆ ಸೂಚನೆಗಳನ್ನು ಯಾವ ಭಾಷೆಯಲ್ಲಿ ಕೊಡುವುದು? 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊರಾಕೊದ ಅರಬಿ–ಫ್ರೆಂಚ್ ದ್ವಿಭಾಷಿಕರನ್ನೂ ಅಮೆರಿಕದ ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಿಕರನ್ನೂ ಗ್ರೀನ್‌ವಾಲ್ಡ್ ಮಾದರಿಯ ಪರೀಕ್ಷೆಗೆ ಕೂರಿಸಿದಾಗ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತೋ ಅವರ ಒಲವೂ ಅತ್ತ ವಾಲಿತು. ಮುಂಬಯಿಯಲ್ಲಿ ಇದನ್ನು ಕೈಗೆತ್ತಿಕೊಳ್ಳುವವರು ಪ್ರತಿಯೊಬ್ಬರನ್ನೂ ಕನಿಷ್ಠ ಎರಡು ಸಲ, ಒಮ್ಮೆ ಕನ್ನಡದಲ್ಲಿ, ಕೆಲವು ವಾರ ಬಿಟ್ಟು ಮರಾಠಿಯಲ್ಲಿ ಕೂರಿಸಬೇಕಾಗುತ್ತದೆ. ತುಳುವರ ಮನೆಯಲ್ಲಿ ಮೂರು ಸಲ.