‘ಕಡಿಮೆ ಇಂಗಾಲದ ಅಭಿವೃದ್ಧಿ’: ಯಾವುದಕ್ಕಿಂತ ಕಡಿಮೆ?

ಬಡ ದೇಶಗಳ ಸುದ್ದಿ ಬಂದಾಗಲೆಲ್ಲ ‘ಕಡಿಮೆ ಇಂಗಾಲದ ಅಭಿವೃದ್ಧಿ’ಯನ್ನು ‘ಇಂಗಾಲ ಕಡಿತ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಎರಡೂ ಒಂದೇ ಅಲ್ಲ: ಒಂದು, ಇಂಗಾಲವನ್ನು ಹೆಚ್ಚು ಹೊರಸೂಸದೆ ಬೆಳೆಯುವುದು; ಇನ್ನೊಂದು, ಈಗ ಹೊರಸೂಸುತ್ತಿರುವುದನ್ನೇ ಇಳಿಸುವುದು.

ಮೊದಲು ಇಂಗಾಲ. ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ‘ಇಂಗಾಲ’ವಾಗಿ ಕನ್ನಡಕ್ಕೆ ಬಂತು, ‘ಇಂಗಳ’ ಎಂದರೆ ಕೆಂಡ. ಲ್ಯಾಟಿನ್ನಿನ ‘ಕಾರ್ಬೋ’ಗೂ ಇದ್ದಿಲು ಎಂದೇ ಅರ್ಥ, ಆದ್ದರಿಂದ ಮೂಲಧಾತುವಿಗೆ ಈ ಹೆಸರು ಸೊಗಸಾಗಿ ಒಪ್ಪುತ್ತದೆ. ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ‘ಇಂಗಾಲ’ ಎಂದೇ ಕರೆದಾಗ ತೊಡಕು ಶುರು. ತೂಕದಲ್ಲಿ 12 ಪಾಲು ಇಂಗಾಲಕ್ಕೆ 32 ಪಾಲು ಆಮ್ಲಜನಕ ಸೇರಿ 44 ಪಾಲು ಡೈಆಕ್ಸೈಡ್ ಆಗುತ್ತದೆ. ಅಂದರೆ ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಹೊರಬೀಳುವ ಅನಿಲ ಸುಮಾರು 3.67 ಟನ್. ಯಾವುದರ ಟನ್ ಎಂದು ಹೇಳದೆ ಅಂಕಿ ಕೊಟ್ಟರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಇನ್ನು ‘ಕಡಿಮೆ’. ಇಥಿಯೋಪಿಯ 2011ರಲ್ಲಿ ಪ್ರಕಟಿಸಿದ ಹಸಿರು ಆರ್ಥಿಕತೆಯ ಯೋಜನೆ ನೋಡಿ. 2010ರಲ್ಲಿ ಆ ದೇಶದ ಹೊರಸೂಸುವಿಕೆ, ಮೀಥೇನ್ ಮುಂತಾದ ಬಿಸಿ ಏರಿಸುವ ಅನಿಲಗಳನ್ನೂ ಡೈಆಕ್ಸೈಡ್‌ಗೆ ಸಮಗಟ್ಟಿ ಎಣಿಸಿದರೆ, ಸುಮಾರು 15 ಕೋಟಿ ಟನ್. ಹಳೆಯ ದಾರಿಯಲ್ಲೇ ಬೆಳೆದರೆ 2030ಕ್ಕೆ 40 ಕೋಟಿ. ಯೋಜನೆಯ ಗುರಿ, ಬೆಳೆದೂ 15 ಕೋಟಿಯ ಆಸುಪಾಸಿನಲ್ಲೇ ನಿಲ್ಲುವುದು. ‘ಕಡಿಮೆ’ ಎಂದದ್ದು ಇವತ್ತಿಗಿಂತ ಅಲ್ಲ, ಆ 40 ಕೋಟಿಗಿಂತ. ತಲೆಗೆ ಎರಡು ಟನ್ನೂ ಇಲ್ಲದ ದೇಶಕ್ಕೆ ‘ಕಡಿತ ಮಾಡು’ ಎನ್ನುವುದು ಅನ್ಯಾಯ.

ಇಷ್ಟಕ್ಕೂ ಅಲ್ಲಿ ಕಾರ್ಖಾನೆಯ ಚಿಮಣಿ ಹುಡುಕಿ ಫಲವಿಲ್ಲ. 2010ರ ಆ ಹೊರಸೂಸುವಿಕೆಯಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಕೃಷಿ ಮತ್ತು ಅರಣ್ಯದ್ದು: ಮೆಲುಕು ಹಾಕುವ ದನಗಳ ಮೀಥೇನ್, ಉಳುಮೆಗೂ ಸೌದೆಗೂ ಕಡಿದ ಕಾಡು. ವಿದ್ಯುತ್ತಂತೂ ಬಹುಪಾಲು ಜಲವಿದ್ಯುತ್ತೇ. ಹಾಗಿದ್ದೂ ಸೌದೆ ಏಕೆ? ನಮ್ಮ ದೋಸೆಯಂಥ ಇಂಜೆರಾ ಹುಯ್ಯುವ ಅಗಲ ಹಂಚು ‘ಮಿತಾದ್’. ವಿದ್ಯುತ್ ಮಿತಾದ್ ಮೂರು ಕಿಲೋವ್ಯಾಟ್‌ಗೂ ಹೆಚ್ಚು ಎಳೆಯುತ್ತದೆ; ಬಡವರಿಗೆ ಅದರ ಬೆಲೆಯೂ ಭಾರ, ಹಳ್ಳಿಯ ದುರ್ಬಲ ಲೈನಿಗೆ ಹೊರೆಯೂ ಭಾರ. ಮೂರು ಕಲ್ಲಿನ ಒಲೆಯಲ್ಲಾದರೆ ಉರಿ ಸುತ್ತಲೂ ಸೋರಿಹೋಗುತ್ತದೆ. ಅಚ್ಚಿನಲ್ಲಿ ಸಿಮೆಂಟಿನ ತುಂಡುಗಳಾಗಿ ಎರಕ ಹೊಯ್ದು ಜೋಡಿಸಿದ ‘ಮಿರ್ತ್’ ಒಲೆ ಹಂಚಿನ ಸುತ್ತ ಗೋಡೆ ಕಟ್ಟಿದಂತೆ ನಿಂತು ಉರಿಯನ್ನು ಅಡಿಯಲ್ಲೇ ಹಿಡಿಯುತ್ತದೆ. ಸೌದೆ ಸುಮಾರು ಅರ್ಧ ಉಳಿಯುತ್ತದೆ. ಬಡತನ ತಗ್ಗುವುದೂ ಇಲ್ಲೇ: ಸೌದೆ ಹೊರುವ ಹೆಂಗಸರ ಹೊತ್ತು ಉಳಿಯುತ್ತದೆ, ಕೊಳ್ಳುವವರ ಕಾಸು ಉಳಿಯುತ್ತದೆ. ಆದರೆ ತುಂಡುಗಳ ಸಂದಿಗೆ ಮಣ್ಣು ಮೆತ್ತದಿದ್ದರೆ, ದಪ್ಪ ಸೌದೆ ತುರುಕಲೆಂದು ಒಲೆಯ ಬಾಯಿ ಒಡೆದು ಅಗಲ ಮಾಡಿದರೆ, ತಣ್ಣನೆಯ ಗಾಳಿ ನುಗ್ಗಿ ಆ ಉಳಿತಾಯವೆಲ್ಲ ಹೊಗೆಯ ಜೊತೆ ಹೋಗುತ್ತದೆ.