ಸರ್ಪಗಂಧದ ಬೇರು: ರಕ್ತದೊತ್ತಡದಿಂದ ಮೆದುಳಿನವರೆಗೆ

ಬೆಂಗಳೂರಿನಲ್ಲಿ ಹೃದಯದ ಕಾಯಿಲೆಯಿದ್ದವರು ಜಯದೇವ ಸಂಸ್ಥೆಗೆ, ನರ ಮತ್ತು ಮನಸ್ಸಿನ ಕಾಯಿಲೆಯಿದ್ದವರು ನಿಮ್ಹಾನ್ಸ್‌ಗೆ ಹೋಗುತ್ತಾರೆ. ಆದರೆ ಔಷಧ ಸಂಶೋಧನೆಯ ಚರಿತ್ರೆಯಲ್ಲಿ ಈ ಎರಡು ದಾರಿಗಳು ಬಹುಕಾಲ ಒಂದೇ ಆಗಿದ್ದವು, ಮತ್ತು ಆ ದಾರಿ ಸರ್ಪಗಂಧ ಎಂಬ ಔಷಧಿ ಗಿಡದ ಬೇರಿನ ಮೂಲಕ ಹಾದುಹೋಗಿತ್ತು.

ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಭಾರತೀಯ ವೈದ್ಯಪತ್ರಿಕೆಯೊಂದರಲ್ಲಿ, ಈ ಬೇರು ಏರಿದ ರಕ್ತದೊತ್ತಡವನ್ನೂ ಕೆರಳಿದ ಮನಸ್ಸನ್ನೂ ತಗ್ಗಿಸುತ್ತದೆ ಎಂದು ಬರೆದಿದ್ದರು. ಇಂದು ಬೆಂಗಳೂರಿನಲ್ಲಿ ನೆಲೆಸಿರುವ ಹಿಮಾಲಯ ಕಂಪನಿ 1934ರಲ್ಲಿ ಹೊರತಂದ ಸರ್ಪಿನಾ ಮಾತ್ರೆಯೂ ಇದೇ ಬೇರಿನದು. ಆದರೂ ಹೊರಗಿನ ವೈದ್ಯಲೋಕ ಕಿವಿಗೊಟ್ಟದ್ದು ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ಮೇಲಿನ ಪರೀಕ್ಷೆಯ ವಿವರಗಳನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ. ಮೊದಲು ಬರೆದವರಿಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲವೆಂದೇ ನನ್ನ ಭಾವನೆ.

1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಎರಡು ವರ್ಷಗಳಲ್ಲಿ ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದೂ ಅದೇ 1954ರಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು.

ಇಷ್ಟರಲ್ಲಿ ಔಷಧದ ಕೆಡುಕುಗಳೂ ಕಾಣತೊಡಗಿದ್ದವು. ರಕ್ತದೊತ್ತಡಕ್ಕೆಂದು ಇದನ್ನು ಸೇವಿಸುತ್ತಿದ್ದ ಕೆಲವರು ಖಿನ್ನರಾದರು, ಹೆಚ್ಚು ಪ್ರಮಾಣದಲ್ಲಿ ಪಡೆದ ಕೆಲವರ ಕೈಕಾಲುಗಳು ಪಾರ್ಕಿನ್ಸನ್ ರೋಗಿಗಳಂತೆ ಬಿಗಿದುಕೊಂಡವು. ಚಿಕಿತ್ಸೆ ಕೊಟ್ಟ ವೈದ್ಯರು ಇದನ್ನು ಮುಚ್ಚಿಡದೆ ದಾಖಲಿಸಿದ್ದರಿಂದಲೇ ಮುಂದಿನ ಸಂಶೋಧನೆ ಸಾಧ್ಯವಾಯಿತು. ನರದ ತುದಿಯಲ್ಲಿ, ಸಂದೇಶ ಸಾಗಿಸುವ ರಾಸಾಯನಿಕಗಳಾದ ನಾರ್‌ಅಡ್ರಿನಲಿನ್, ಡೋಪಮಿನ್, ಸೆರೊಟೋನಿನ್‌ಗಳನ್ನು ತುಂಬಿಡುವ ಸಣ್ಣ ಕೋಶಿಕೆಗಳಿರುತ್ತವೆ. ರೆಸರ್ಪಿನ್ ಈ ತುಂಬಿಕೊಳ್ಳುವ ಕೆಲಸವನ್ನೇ ತಡೆಯುವುದರಿಂದ, ಹೊರಗುಳಿದ ರಾಸಾಯನಿಕಗಳು ಕಿಣ್ವಕ್ಕೆ ಸಿಕ್ಕಿ ನಾಶವಾಗುತ್ತವೆ. ನಾರ್‌ಅಡ್ರಿನಲಿನ್ ಬರಿದಾದಾಗ ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ, ಮಿದುಳಿನಲ್ಲಿ ಡೋಪಮಿನ್ ಬರಿದಾದಾಗ ಚಲನೆ ಕುಂದುತ್ತದೆ. ಅಂದರೆ ಗುಣವೂ ದೋಷವೂ ಒಂದೇ ಕ್ರಿಯೆಯ ಫಲ.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ, ರೆಸರ್ಪಿನ್‌ನಿಂದ ನಿಶ್ಚಲವಾಗಿದ್ದ ಪ್ರಾಣಿಗಳಿಗೆ ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಡೋಪಾ ಚುಚ್ಚಿದಾಗ ಅವು ಮತ್ತೆ ಓಡಾಡಿದ್ದನ್ನು ಪ್ರಕಟಿಸಿದರು. ಪಾರ್ಕಿನ್ಸನ್ ರೋಗಕ್ಕೆ ಇಂದು ಕೊಡುವ ಲೆವೊಡೋಪಾ ಚಿಕಿತ್ಸೆಯ ಬೇರು ಇಲ್ಲಿದೆ. ಅವರಿಗೆ 2000ರಲ್ಲಿ ನೊಬೆಲ್ ಪುರಸ್ಕಾರ ಬಂತು.

ರಕ್ತದೊತ್ತಡಕ್ಕೆ ಇನ್ನೂ ಸುರಕ್ಷಿತ ಮಾತ್ರೆಗಳು ಬಂದುದರಿಂದ ರೆಸರ್ಪಿನ್ ಈಗ ಅಪರೂಪ. ಆದರೆ ಅದೇ ಕೋಶಿಕೆಗಳ ಮೇಲೆ ಕೆಲಸ ಮಾಡುವ ಟೆಟ್ರಾಬೆನಜಿನ್ ಅನ್ನು ಹಂಟಿಂಗ್ಟನ್ ಕಾಯಿಲೆಯಲ್ಲಿ ತಾನಾಗಿಯೇ ಕುಣಿಯುವ ಕೈಕಾಲುಗಳನ್ನು ಹತೋಟಿಗೆ ತರಲು ನರರೋಗ ತಜ್ಞರು ಬರೆದುಕೊಡುತ್ತಾರೆ, ಮತ್ತು ಅದನ್ನು ಕೊಡುವಾಗಲೂ ರೋಗಿಯ ಮನಸ್ಸು ಖಿನ್ನತೆಗೆ ಜಾರುತ್ತಿದೆಯೇ ಎಂದು ನೋಡುತ್ತಲೇ ಇರಬೇಕಾಗುತ್ತದೆ.