ಮೊದಲ ಧರ್ಮಯುದ್ಧ: ಲ್ಯಾಟಿನ್, ಅರಬ್ಬಿ, ಗ್ರೀಕ್ ಮತ್ತು ಹೀಬ್ರೂ ಬರಹಗಳಲ್ಲಿ

ಮುಸ್ಲಿಮರಿಂದ ಜೆರುಸಲೇಮನ್ನು ಗೆಲ್ಲಲು ಪಶ್ಚಿಮ ಯುರೋಪಿನ ಕ್ರೈಸ್ತರು ನಡೆಸಿದ ಮೊದಲ ಧರ್ಮಯುದ್ಧದ (1096–1099) ಬಗ್ಗೆ ಬರೆದ ಮಧ್ಯಯುಗದ ಲೇಖಕರನ್ನು ಓದುವಾಗ, ಯಾರ ಮಾತು ನಿಜ ಎಂದು ತೀರ್ಪು ಕೊಡುವ ಮೊದಲು, ಪ್ರತಿಯೊಬ್ಬರೂ ಆ ಘಟನೆಯನ್ನು ತಮಗೆ ಮೊದಲೇ ಪರಿಚಿತವಾಗಿದ್ದ ಯಾವ ಕಥನದೊಳಗೆ ಕೂರಿಸಿದರು ಎಂಬುದನ್ನು ಗಮನಿಸಬೇಕು.

1099ರ ಜುಲೈ 15ರಂದು ಜೆರುಸಲೇಂ ಪತನವಾದದ್ದನ್ನೇ ನೋಡೋಣ. ಟೌಲೂಸಿನ ಕೌಂಟ್ ರೇಮಂಡನ ಜೊತೆಗಿದ್ದ ಪಾದ್ರಿ, ಅಗಿಲೇರ್‌ನ ರೇಮಂಡ್, ದೇವಾಲಯದ ಆವರಣದಲ್ಲಿ ರಕ್ತವು ಸವಾರರ ಮೊಣಕಾಲಿನವರೆಗೆ, ಕುದುರೆಗಳ ಕಡಿವಾಣದವರೆಗೆ ಏರಿತ್ತೆಂದು ಬರೆಯುತ್ತಾನೆ. ಇದನ್ನು ಕಣ್ಣಳತೆಯ ವರದಿಯೆಂದು ಓದಿದರೆ ದಾರಿ ತಪ್ಪುತ್ತೇವೆ. ಈ ಚಿತ್ರ ಬೈಬಲಿನ ಪ್ರಕಟನೆ ಗ್ರಂಥದ್ದು; ಹತ್ಯೆಯನ್ನು ದೇವರ ನ್ಯಾಯತೀರ್ಪೆಂದು ತೋರಿಸುವುದೇ ಅವನ ಉದ್ದೇಶ. ಅತ್ತ ಅರಬ್ಬಿ ಇತಿಹಾಸಕಾರ ಇಬ್ನ್ ಅಲ್-ಅಸೀರ್ (1160–1233), ಸುಮಾರು ಒಂದು ಶತಮಾನದ ನಂತರ ಬರೆಯುತ್ತಾ, ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರೆನ್ನುತ್ತಾನೆ. ಘಟನೆಗೆ ಹೆಚ್ಚು ಸಮೀಪದಲ್ಲಿದ್ದ ದಮಾಸ್ಕಸ್ಸಿನ ಇತಿಹಾಸಕಾರ ಇಬ್ನ್ ಅಲ್-ಕಲಾನಿಸಿ ಅಂಥ ಸಂಖ್ಯೆಯನ್ನೇನೂ ಕೊಡದೆ, ಬಹಳ ಜನ ಹತರಾದರು, ಯೆಹೂದ್ಯರು ಸೇರಿದ್ದ ಪ್ರಾರ್ಥನಾ ಮಂದಿರವನ್ನು ಸುಡಲಾಯಿತು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ.

ಆದರೂ ಇಬ್ನ್ ಅಲ್-ಅಸೀರ್‌ನನ್ನು ಉತ್ಪ್ರೇಕ್ಷೆಯ ಲೇಖಕನೆಂದು ಬದಿಗಿಡುವಂತಿಲ್ಲ. ಅವನು ಧರ್ಮಯುದ್ಧವನ್ನು ಪೋಪ್ ಎರಡನೇ ಅರ್ಬನ್‌ನ ಕರೆಯಿಂದ ಆರಂಭಿಸುವುದಿಲ್ಲ; 1085ರಲ್ಲಿ ಸ್ಪೇನಿನ ಟೊಲೆಡೊ ಮುಸ್ಲಿಮರ ಕೈಬಿಟ್ಟದ್ದು, ಬಳಿಕ ಸಿಸಿಲಿ ನಾರ್ಮನ್ನರ ವಶವಾದದ್ದು, ಆಮೇಲೆ ಸಿರಿಯಾ ಎಂದು ಫ್ರಾಂಕರ (ಪಶ್ಚಿಮ ಯುರೋಪಿನ ಕ್ರೈಸ್ತರ) ವಿಸ್ತರಣೆಯ ಒಂದೇ ಸರಣಿಯನ್ನು ಕಾಣುತ್ತಾನೆ. ಆಫ್ರಿಕಾದೊಂದಿಗಿನ ತನ್ನ ವ್ಯಾಪಾರ ಕೆಡಬಾರದೆಂದು ಸಿಸಿಲಿಯ ನಾರ್ಮನ್ ದೊರೆ ರೋಜರನು ಫ್ರಾಂಕರನ್ನು ಜೆರುಸಲೇಮಿನತ್ತ ತಿರುಗಿಸಿದ ಎಂಬ ಕಥೆಯನ್ನೂ ಹೇಳುತ್ತಾನೆ. ಕಥೆ ನಂಬಲರ್ಹವಲ್ಲದಿರಬಹುದು, ಆದರೆ ಮೆಡಿಟರೇನಿಯನ್ ಸಮುದ್ರವನ್ನಿಡೀ ಒಟ್ಟಾಗಿ ನೋಡುವ ಆ ದೃಷ್ಟಿ ಲ್ಯಾಟಿನ್ ಲೇಖಕರಲ್ಲಿ ವಿರಳ.

ಪೂರ್ವದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಂನ ರಾಜಕುಮಾರಿ ಆನಾ ಕೊಮ್ನೇನಾಗೆ ಧರ್ಮಯುದ್ಧವು ತನ್ನ ತಂದೆ, ಚಕ್ರವರ್ತಿ ಅಲೆಕ್ಸಿಯೋಸನ ಕಥೆಯ ಒಂದು ಭಾಗ. 1081ರಲ್ಲಿ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದ ನಾರ್ಮನ್ ನಾಯಕ ರಾಬರ್ಟ್ ಗಿಸ್ಕಾರ್ಡನ ಜೊತೆಗೆ ಅವನ ಮಗ ಬೋಹೆಮಂಡನೂ ಇದ್ದನು. ಹೀಗಾಗಿ ಅದೇ ಬೋಹೆಮಂಡ ಯಾತ್ರಿಕನಾಗಿ ಬಂದಾಗ, ಯಾತ್ರೆ ನೆಪವೆಂದೂ ರಾಜಧಾನಿ ಕಾನ್ಸ್ಟಾಂಟಿನೋಪಲ್ಲೇ ಗುರಿಯೆಂದೂ ಅವಳು ಶಂಕಿಸುತ್ತಾಳೆ. ಆದರೆ ಅವನ ಎತ್ತರ, ಮೈಕಟ್ಟುಗಳ ಅವಳ ವರ್ಣನೆಯಲ್ಲಿ ಮೆಚ್ಚುಗೆ ಅಡಗಿಯೂ ಅಡಗದಂತಿದೆ.

ಹೀಬ್ರೂ ಬರಹಗಳಿಗೆ ಜೆರುಸಲೇಂ ಮುಖ್ಯವೇ ಅಲ್ಲ. ಅವು 1096ರಲ್ಲಿ ರೈನ್ ನದಿಯ ದಡದ ವರ್ಮ್ಸ್ ಮತ್ತು ಮೈನ್ಜ್ ನಗರಗಳಲ್ಲಿ ನಡೆದ ಯೆಹೂದ್ಯರ ಹತ್ಯೆಯನ್ನು ನಿರೂಪಿಸುತ್ತವೆ. ಮತಾಂತರಕ್ಕೆ ಒಪ್ಪದೆ ತಮ್ಮ ಮಕ್ಕಳನ್ನೂ ತಮ್ಮನ್ನೂ ಕೊಂದುಕೊಂಡವರನ್ನು, ಅಬ್ರಹಾಮನು ಇಸಾಕನನ್ನು ಬಲಿಗೆ ಒಯ್ದ ಪ್ರಸಂಗದ ಬೆಳಕಿನಲ್ಲಿ ಹುತಾತ್ಮರೆಂದು ಸ್ಮರಿಸುತ್ತವೆ. ಇಲ್ಲಿ ಲ್ಯಾಟಿನ್ ಲೇಖಕನೊಬ್ಬನ ಸಾಕ್ಷ್ಯವನ್ನೂ ಜೋಡಿಸಿ ಓದಬೇಕು: ಆಖೆನ್‌ನ ಆಲ್ಬರ್ಟ್ ಮೈನ್ಜ್ ಹತ್ಯೆಯನ್ನು ವಿವರವಾಗಿ ದಾಖಲಿಸಿ, ಅದಕ್ಕೆ ಹಣದಾಸೆಯೇ ಹೆಚ್ಚು ಕಾರಣವೆಂದು ಹೇಳಿ, ಹತ್ಯೆ ನಡೆಸಿದ ಕೌಂಟ್ ಎಮಿಖೋನ ದಂಡು ಹಂಗೇರಿಯಲ್ಲಿ ಚದುರಿಹೋದದ್ದನ್ನು ದೈವಶಿಕ್ಷೆಯೆಂದು ಬಗೆದಿದ್ದಾನೆ.